ಐದು ಲಕ್ಷ ಕೂಡಿತು, ಅರ್ಜಿ ಒಂದೂ ಬರಲಿಲ್ಲ

ವಿದ್ಯಾರ್ಥಿವೇತನಕ್ಕೆ ಅಂತ ಐದು ಲಕ್ಷ ರೂಪಾಯಿ ಒಟ್ಟು ಮಾಡುವುದಕ್ಕೆ ಹಳೇ ವಿದ್ಯಾರ್ಥಿಗಳಾದ ನಮಗೆ ನಾಲ್ಕು ತಿಂಗಳು ಹಿಡಿಯಿತು. ಅದರ ಬಡ್ಡಿಯನ್ನು ಒಂದು ಮಗುವಿನ ಕೈಗೆ ಮುಟ್ಟಿಸುವುದಕ್ಕೆ ವರ್ಷದ ಮೇಲೆ ಬೇಕಾಯಿತು. ಹೀಗೂ ಆಗುತ್ತದೆ ಅಂತ ಯಾರಾದರೂ ಮೊದಲೇ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ದುಡ್ಡು ಕೊಡ್ತೀವಿ ಅಂದರೆ ತಗೊಳ್ಳೋರಿಗೇನು ಬರ, ಅಲ್ವಾ?

2024ರ ಆಗಸ್ಟ್ ಮೊದಲ ವಾರ. ಅರ್ಜಿಯ ಕಡೇ ದಿನ ಮುಗಿದಿತ್ತು. ಕೊಡೆ ಮಡಚಿ ಕಾಲೇಜಿನ ಆಫೀಸಿನೊಳಗೆ ಹೋಗಿ "ಎಷ್ಟು ಬಂದಿದೆ ಸಾರ್?" ಅಂತ ಕೇಳಿದೆ. ಗುಮಾಸ್ತರು ಡ್ರಾಯರ್ ಎಳೆದು ಒಂದು ಫೈಲು ನನ್ನ ಮುಂದಿಟ್ಟರು. ಮೇಲೆ ನಮ್ಮ ಮೇಷ್ಟ್ರ ಹೆಸರು, ಟೀಚರ ಹೆಸರು, ಚೆಂದದ ಅಕ್ಷರದಲ್ಲಿ. ಒಳಗೆ ನಾವೇ ಕೊಟ್ಟಿದ್ದ ಖಾಲಿ ಫಾರಂಗಳು, ಐವತ್ತಕ್ಕೆ ಐವತ್ತೂ ಹಾಗೇ ಇದ್ದವು. "ಮಳೆ ರಜೆ ಜಾಸ್ತಿ ಆಯ್ತಲ್ಲ ಮೇಡಂ" ಅಂದರು ಅವರು, ನನಗೆ ಬೇಜಾರಾಗದಿರಲಿ ಅಂತ. ರಜೆ ಜಾಸ್ತಿ ಆಗಿದ್ದು ನಿಜ. ಆ ಜುಲೈಯಲ್ಲಿ ಬೆಳಗ್ಗೆ ಎದ್ದರೆ ಮೊದಲು ಫೋನಿನಲ್ಲಿ ಜಿಲ್ಲಾಧಿಕಾರಿಗಳ ಆದೇಶ ಬಂದಿದೆಯಾ ಅಂತ ನೋಡುವುದೇ ಎಲ್ಲರ ಕೆಲಸವಾಗಿತ್ತು. ಆದರೂ ಐವತ್ತಕ್ಕೆ ಐವತ್ತು?

ಸ್ವಲ್ಪ ಹಿಂದಿನಿಂದ ಹೇಳುತ್ತೇನೆ.

ನಮ್ಮೂರು ಕೊಡಗಿನ ಸಿದ್ದಾಪುರಕ್ಕೂ ಅಮ್ಮತ್ತಿಗೂ ನಡುವೆ ಇದೆ. ನನಗೆ ನಾಲ್ಕು ಎಕರೆ ಕಾಫಿ, ಅದರೊಳಗೆ ಮರಕ್ಕೆ ಹಬ್ಬಿದ ಕರಿಮೆಣಸು, ಅಷ್ಟೇ. ನಾನು ಓದಿದ್ದು ಊರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ. ಮೇಷ್ಟ್ರು, ಟೀಚರ್ ಗಂಡ ಹೆಂಡತಿ. ಅರಕಲಗೂಡು ಕಡೆಯವರು. ಬಯಲುಸೀಮೆಯಿಂದ ಕೊಡಗಿಗೆ ಬಂದ ಮೇಷ್ಟ್ರುಗಳು ಎರಡು ಮಳೆಗಾಲ ನೋಡಿ, ಮೂರನೆಯದಕ್ಕೆ ಯಾರದ್ದಾದರೂ ಕಾಲು ಹಿಡಿದು ವರ್ಗ ಮಾಡಿಸಿಕೊಳ್ಳುತ್ತಿದ್ದ ಕಾಲ ಅದು. ಇವರು ಮಾತ್ರ ಹೋಗಲಿಲ್ಲ. ಇಬ್ಬರೂ ಇಲ್ಲೇ ಆಸುಪಾಸಿನ ಶಾಲೆಗಳಲ್ಲಿ ಸುತ್ತಿ, ಇಲ್ಲೇ ನಿವೃತ್ತರಾದರು.

ಮೇಷ್ಟ್ರು ಲೆಕ್ಕ, ಟೀಚರ್ ಕನ್ನಡ. ನಮ್ಮ ಕ್ಲಾಸಿನಲ್ಲಿ ಮನೆಯಲ್ಲಿ ಕನ್ನಡ ಆಡುವವರು ಮೂರೋ ನಾಲ್ಕೋ ಜನ. ಉಳಿದವರೆಲ್ಲ ಕೊಡವ ತಕ್ಕ್, ಮಲಯಾಳ, ತಮಿಳು, ತುಳು, ಎರವ ಭಾಷೆ. ನಮಗೆ ಅಲ್ಪಪ್ರಾಣ ಮಹಾಪ್ರಾಣ ಅಂದರೆ ಪ್ರಾಣ ಹೋಗುತ್ತಿತ್ತು. ಟೀಚರ್ ಒಂದು ತೆಳು ಕಾಗದದ ಚೂರು ನಮ್ಮ ಬಾಯಿ ಮುಂದೆ ಹಿಡಿದು "ದ ಅನ್ನು... ಈಗ ಧ ಅನ್ನು" ಅನ್ನುತ್ತಿದ್ದರು. ಧ ಅಂದಾಗ ಕಾಗದ ಅಲ್ಲಾಡಬೇಕು. ಅಲ್ಲಾಡದಿದ್ದರೆ ಮತ್ತೆ ಅನ್ನಬೇಕು. ನಾವು ಎಂಜಲು ಹಾರಿಸಿ ಕಾಗದ ಅಲ್ಲಾಡಿಸಿದ್ದೂ ಉಂಟು.

ಇನ್ನೊಂದು ಮಾತು. ಈಗ ನಮ್ಮ ಹಳೇ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಜೂನ್ 1ರಂದು ಹದಿನೇಳು ಜನರ ಹುಟ್ಟುಹಬ್ಬ! ಹುಟ್ಟಿದ ದಿನ ಗೊತ್ತಿಲ್ಲದ ಮಕ್ಕಳಿಗೆಲ್ಲ ಮೇಷ್ಟ್ರು ಶಾಲೆ ಸೇರಿಸುವ ಲೆಕ್ಕಕ್ಕೆ ಸರಿಹೋಗುವಂತೆ ಜೂನ್ 1 ಬರೆದುಬಿಟ್ಟಿದ್ದರು. ನನ್ನದೂ ಅದೇ. ನಮ್ಮ ಅವ್ವ ಕಾಫಿ ಕುಯ್ಯುವ ಕಾಲದಲ್ಲಿ ನೀನು ಹುಟ್ಟಿದ್ದು ಅನ್ನುತ್ತಾರೆ. ಜೂನಿನಲ್ಲಿ ಯಾರೂ ಕಾಫಿ ಕುಯ್ಯುವುದಿಲ್ಲ.

ಮೇಷ್ಟ್ರು 2023ರ ಕೊನೆಗೆ ತೀರಿಕೊಂಡರು. ಕುಶಾಲನಗರದಲ್ಲಿ ಅವರ ಮಗಳ ಮನೆ. ವೈಕುಂಠ ಸಮಾರಾಧನೆಗೆ ಅಷ್ಟು ಜನ ಹಳೇ ಮಕ್ಕಳು ಬರುತ್ತಾರೆ ಅಂತ ಆ ಮನೆಯವರೂ ಎಣಿಸಿರಲಿಲ್ಲ, ಅನ್ನ ಎರಡನೇ ಸಲ ಬೇಯಿಸಬೇಕಾಯಿತು. ಊಟ ಮುಗಿಸಿ ಅಂಗಳದಲ್ಲಿ ನಿಂತಾಗ "ಏನಾದ್ರೂ ಮಾಡ್ಬೇಕಲ್ಲ" ಅಂತ ಮಾತು ಬಂತು. ಒಬ್ಬ ಪ್ರತಿಮೆ ಅಂದ. ಇನ್ನೊಬ್ಬ ಶಾಲೆಗೆ ಕಮಾನು ಕಟ್ಟಿಸಿ ಹೆಸರು ಕೆತ್ತಿಸೋಣ ಅಂದ. ಆ ಶಾಲೆಯಲ್ಲಿ ಈಗ ಇರುವುದು ಹತ್ತೊಂಬತ್ತು ಮಕ್ಕಳು. ನಾಳೆ ಬೇರೆ ಶಾಲೆಯ ಜೊತೆ ಸೇರಿಸಿಬಿಟ್ಟರೆ ಕಮಾನಿನ ಕೆಳಗೆ ದನ ಮಾತ್ರ ಹೋಗುತ್ತದೆ. ಕೊನೆಗೆ ಓದುವವರಿಗೆ ಕೊಡೋಣ ಅಂತ ಆಯಿತು, ಅದೂ ಡಿಗ್ರಿ ಓದುವವರಿಗೆ. ಯಾಕೆಂದರೆ ನಮ್ಮ ಕಡೆ ಮಕ್ಕಳು ಪಿಯುಸಿವರೆಗೆ ಹೇಗೋ ಬರುತ್ತಾರೆ. ಆಮೇಲೆ ಹುಡುಗರು ಮೆಣಸು ಕುಯ್ಯಲು ಏಣಿ ಹಿಡಿಯುತ್ತಾರೆ, ಇಲ್ಲಾ ಪಿಕಪ್ ಓಡಿಸುತ್ತಾರೆ. ಹುಡುಗಿಯರು ವಿರಾಜಪೇಟೆಯ ಬಟ್ಟೆ ಅಂಗಡಿಗೋ ಮೈಸೂರಿಗೋ ಹೋಗುತ್ತಾರೆ. ಅಲ್ಲಿಗೆ ಓದು ಮುಗಿಯಿತು.

ದುಡ್ಡು ನಾಲ್ಕೇ ತಿಂಗಳಲ್ಲಿ ಸೇರಿತು ಅಂದೆನಲ್ಲ, ಅದಕ್ಕೆ ಅರ್ಧ ಕಾರಣ ಮೇಷ್ಟ್ರು, ಇನ್ನರ್ಧ ರೋಬಸ್ಟಾ ಕಾಫಿ. 2024ರಲ್ಲಿ ರೋಬಸ್ಟಾ ಚೆರಿಗೆ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿಗೆ, ನಾವು ಎಂದೂ ಕಾಣದ ಬೆಲೆ ಬಂತು, 50 ಕೆಜಿ ಚೀಲಕ್ಕೆ 10 ಸಾವಿರ ದಾಟಿತು. ತೋಟ ಇದ್ದವರು ಕೇಳಿದ ತಕ್ಷಣ ಕೊಟ್ಟರು. ಆದರೆ ಮೊದಲು ಬಂದ ದುಡ್ಡು ತೋಟದವರದಲ್ಲ. ಪಿಕಪ್ ಓಡಿಸುವ ನನ್ನ ಕ್ಲಾಸ್‌ಮೇಟ್ ಒಬ್ಬ ರಾತ್ರಿ ಹನ್ನೊಂದಕ್ಕೆ 500 ರೂಪಾಯಿ ಹಾಕಿ "ಸದ್ಯಕ್ಕೆ ಇಷ್ಟು" ಅಂತ ಬರೆದಿದ್ದ. ಆಮೇಲೆ ತಿಂಗಳು ತಿಂಗಳು ಹಾಕುತ್ತಲೇ ಇದ್ದ. ಸಾಕು ಮಾರಾಯ ಅಂದರೂ ಕೇಳಲಿಲ್ಲ.

ಒಂದು ವಿಚಿತ್ರ ತೊಡಕು ಬಂದದ್ದು ಹೊರದೇಶದವರಿಂದ. ದುಬೈನಲ್ಲಿರುವವನು ಕಳಿಸಿದ ದುಡ್ಡಿಗೆ ಯಾವ ತಕರಾರೂ ಇರಲಿಲ್ಲ, ಅವನದು ಭಾರತದ ಪಾಸ್‌ಪೋರ್ಟ್. ತನ್ನ ಸಂಬಳದಿಂದ ಬ್ಯಾಂಕ್ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆ ಅನಿಸಿಕೊಳ್ಳುವುದಿಲ್ಲವಂತೆ. ಕೆನಡಾದಲ್ಲಿರುವವಳು ಅಲ್ಲಿನ ಪೌರತ್ವ ತಗೊಂಡಿದ್ದಾಳೆ. ಅವಳು ನಮ್ಮೂರಲ್ಲೇ ಹುಟ್ಟಿ ಅದೇ ಟೀಚರ ಹತ್ತಿರ ಧ ಅಂದು ಕಾಗದ ಅಲ್ಲಾಡಿಸಿದವಳಾದರೂ ಕಾನೂನಿನ ಕಣ್ಣಿಗೆ ಅವಳ ದುಡ್ಡು ವಿದೇಶಿ. ಅದನ್ನು ಪಡೆಯಬೇಕಾದರೆ ಸಂಸ್ಥೆಗೆ ವಿದೇಶಿ ದೇಣಿಗೆ ಕಾಯ್ದೆಯಡಿ ಬೇರೆಯೇ ನೋಂದಣಿ ಬೇಕು. ನಮಗೆಲ್ಲಿ ಬರಬೇಕು ಅದು? ಅವಳಿಗೆ ಇಲ್ಲ ಅಂತ ಹೇಳುವುದು ನನ್ನ ಪಾಲಿಗೆ ಬಂತು. ಫೋನಿನಲ್ಲಿ ಅತ್ತೇಬಿಟ್ಟಳು.

ದುಡ್ಡು ಇಡುವುದು ಎಲ್ಲಿ ಅನ್ನುವುದು ಆಮೇಲಿನ ಪ್ರಶ್ನೆ. ನಮ್ಮಲ್ಲಿ ಇಬ್ಬರಿಗೆ ಟ್ರಸ್ಟ್ ಮಾಡುವ ಹುಮ್ಮಸ್ಸು, ಲೆಟರ್‌ಹೆಡ್ ಹೇಗಿರಬೇಕು ಅಂತ ಆಗಲೇ ಗುಂಪಿನಲ್ಲಿ ಚಿತ್ರ ಹಾಕುತ್ತಿದ್ದರು. ಮಡಿಕೇರಿಯ ಒಬ್ಬ ಆಡಿಟರ್ ಹತ್ತಿರ ಹೋದೆವು. ಅವರು ಕೂರಿಸಿ ವಿವರವಾಗಿ ಹೇಳಿದರು: ಟ್ರಸ್ಟ್ ಅಂದರೆ ಪತ್ರ ಬರೆಸಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಬೇಕು, ಅದಕ್ಕೊಂದು ಪ್ಯಾನ್ ಬೇಕು, ತೆರಿಗೆ ವಿನಾಯಿತಿಗೆ 12ಎ ಬೇಕು, ಕೊಟ್ಟವರಿಗೆ ವಿನಾಯಿತಿ ಸಿಗಬೇಕಾದರೆ 80ಜಿ ಬೇಕು, ವರ್ಷ ವರ್ಷ ಲೆಕ್ಕ ಒಪ್ಪಿಸಬೇಕು. "ಅದೆಲ್ಲ ಬೇಡ ನಮ್ಮ ಮೂವರ ಹೆಸರಲ್ಲೇ ಎಫ್‌ಡಿ ಇಡ್ತೀವಿ" ಅಂದರೆ, ಆಗ ಬಡ್ಡಿ ನಿಮ್ಮ ಮೂವರ ಆದಾಯ ಆಗುತ್ತದೆ, ನೀವು ತೆರಿಗೆ ಕಟ್ಟಬೇಕಾಗುತ್ತದೆ ಅಂದರು. ಆಮೇಲೆ ತಾವೇ ಕೇಳಿದರು, "ಎಷ್ಟು ದುಡ್ಡು?" ಹೇಳಿದೆವು. ನಕ್ಕು, "ಕಾಲೇಜಿಗೇ ದತ್ತಿ ಕೊಟ್ಟುಬಿಡಿ" ಅಂದರು. ನಮ್ಮ ತಾಲ್ಲೂಕಿನ ಒಂದು ಕಾಲೇಜಿನ ಜೊತೆ ಒಂದು ಪುಟದ ಕರಾರು ಮಾಡಿಕೊಂಡೆವು. ಅಸಲು ಮುಟ್ಟುವಂತಿಲ್ಲ. ಬಡ್ಡಿ ಮಾತ್ರ ಖರ್ಚು. ಯಾರಿಗೆ ಅಂತ ತೀರ್ಮಾನಿಸಲು ಪ್ರಿನ್ಸಿಪಾಲರು, ಒಬ್ಬರು ಲೆಕ್ಚರರ್, ನಮ್ಮ ಕಡೆಯಿಂದ ಮೂವರು. ಒಟ್ಟು ಸೇರಿದ್ದು 5,20,000. ನೂರಕ್ಕೆ 7ರಂತೆ ವರ್ಷಕ್ಕೆ 36,400.

ಹೆಸರಿನ ವಿಷಯಕ್ಕೆ ಟೀಚರಿಗೆ ಫೋನ್ ಮಾಡಿದೆ. "ಮೇಷ್ಟ್ರ ಹೆಸರಿನ ಜೊತೆ ನಿಮ್ಮ ಹೆಸರೂ ಸೇರಿಸಿ ಸ್ಮಾರಕ ವಿದ್ಯಾರ್ಥಿವೇತನ ಅಂತ..." ಅನ್ನುವಷ್ಟರಲ್ಲಿ ತಡೆದರು. "ನಾನಿನ್ನೂ ಇದ್ದೀನಲ್ಲೇ, ಸ್ಮಾರಕ ಅಂತ ಹಾಕ್ಬೇಡ." ಸ್ಮಾರಕ ತೆಗೆದೆವು. ಅವರ ಹೆಸರನ್ನು ನಾನು ಇಲ್ಲಿ ಬರೆಯದಿರುವುದೂ ಅವರು ಬೇಡ ಅಂದಿದ್ದಕ್ಕೇ.

ಇನ್ನು ಫಾರಂ. ಇಲ್ಲಿ ನಾವು ಎಡವಿದೆವು, ಎಡವಿದ್ದು ಆಗ ಗೊತ್ತೂ ಆಗಲಿಲ್ಲ. ಮೂರು ಜನ ನನ್ನ ಮನೆ ಜಗಲಿಯಲ್ಲಿ ಕೂತು ಒಂದು ಸಂಜೆ ನಿಯಮ ಮಾಡಿದೆವು. ಪಿಯುಸಿಯಲ್ಲಿ ಶೇಕಡಾ 75 ಇರಬೇಕು. ಕುಟುಂಬದ ಆದಾಯ ಇಂತಿಷ್ಟರ ಒಳಗಿರಬೇಕು. ಲಗತ್ತಿಸಬೇಕಾದ ದಾಖಲೆ ಎಂಟು: ಅಂಕಪಟ್ಟಿ, ಟಿ.ಸಿ., ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್, ನಡತೆ ಪತ್ರ. ಎಲ್ಲದರ ಜೆರಾಕ್ಸಿಗೂ ಗೆಜೆಟೆಡ್ ಅಧಿಕಾರಿಯ ಸಹಿ. ಕೊನೆಗೆ ಸಮಾಜಕ್ಕೆ ಶಿಕ್ಷಕರ ಕೊಡುಗೆ ಅನ್ನುವ ಮೇಲೆ 500 ಪದಗಳ ಪ್ರಬಂಧ. ಯಾರೂ ಮೋಸ ಮಾಡಬಾರದು ಅನ್ನುವುದೊಂದೇ ನಮ್ಮ ತಲೆಯಲ್ಲಿ ಇದ್ದದ್ದು. ಹನ್ನೆರಡು ಸಾವಿರ ರೂಪಾಯಿಗೆ ಯಾರು ಮೋಸ ಮಾಡುತ್ತಾರೆ ಅಂತ ಈಗ ನಗು ಬರುತ್ತದೆ. ಸರ್ಕಾರಿ ಆಫೀಸುಗಳನ್ನು ಬೈಯುತ್ತಾ ಬೆಳೆದವರು ನಾವು. ಪೆನ್ನು ಕೈಗೆ ಸಿಕ್ಕ ತಕ್ಷಣ ನಾವೂ ಒಂದು ಆಫೀಸೇ ಆದೆವು.

ಖಾಲಿ ಫೈಲು ನೋಡಿದ ಮೇಲೆ ಗುಂಪಿನಲ್ಲಿ ಹಾಕಿದೆ. "ಈಗಿನ ಮಕ್ಕಳಿಗೆ ಆಸಕ್ತಿ ಇಲ್ಲ", "ಎಲ್ಲಾ ಮೊಬೈಲು" ಅಂತ ಸಾಲು ಸಾಲು ಉತ್ತರ ಬಂದವು. ಎರಡು ದಿನ ನಾನೂ ಹಾಗೇ ಅಂದುಕೊಂಡಿದ್ದೆ, ಸುಳ್ಳು ಯಾಕೆ ಹೇಳಲಿ.

ಮೂರನೇ ದಿನ ಟೀಚರಿಗೆ ಹೇಳಿದೆ. ಅವರು ಒಂದೇ ಪ್ರಶ್ನೆ ಕೇಳಿದರು.

"ಫಾರಂ ತುಂಬ್ಸೋಕೆ ಯಾರು ಕೂತಿದ್ರು?"

"ಯಾರೂ ಇಲ್ಲ ಟೀಚರ್. ಕಾಲೇಜು ಮಕ್ಕಳಲ್ವಾ, ಅವರೇ ತುಂಬ್ತಾರೆ ಅಂತ..."

"ನಿನ್ನ ಫಾರಂ ನೀನು ತುಂಬಿದ್ಯಾ?"

ನಾನು ಏನೂ ಹೇಳಲಿಲ್ಲ. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಟೀಚರ್ ಜಗಲಿಯಲ್ಲಿ ಮೇಜು ಹಾಕಿಕೊಂಡು ಕೂರುತ್ತಿದ್ದರು. ನಾವು ಮನೆಯಿಂದ ರೇಷನ್ ಕಾರ್ಡು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತರಬೇಕಿತ್ತು. ಒಬ್ಬೊಬ್ಬರನ್ನೇ ಕರೆದು ಅಪ್ಪನ ಹೆಸರು ಕೇಳಿ, ಕಾರ್ಡಿನಲ್ಲಿ ಏನಿದೆ ನೋಡಿ, ಎರಡೂ ಒಂದೇ ಥರ ಇಲ್ಲದಿದ್ದರೆ ಒಂದು ಚೀಟಿ ಬರೆದು ಮೇಷ್ಟ್ರಿಗೆ ಕೊಡುತ್ತಿದ್ದರು. ಮೇಷ್ಟ್ರು ಆ ಚೀಟಿಗಳನ್ನು ಜೇಬಿಗಿಟ್ಟುಕೊಂಡು ಸೋಮವಾರ ಅರ್ಧ ದಿನ ರಜೆ ಹಾಕಿ ವಿರಾಜಪೇಟೆಗೆ ಬಸ್ಸು ಹತ್ತುತ್ತಿದ್ದರು. ನನ್ನ ಅಪ್ಪನಿಗೆ ಸಹಿ ಬರುತ್ತಿರಲಿಲ್ಲ. ಹೆಬ್ಬೆಟ್ಟು ಒತ್ತಿಸುವುದಕ್ಕೆ ಟೀಚರ್ ಶಾಯಿ ಪ್ಯಾಡ್ ಹಿಡಿದು ಸಂಜೆ ನಮ್ಮ ಮನೆವರೆಗೆ ನಡೆದು ಬಂದಿದ್ದರು. ಅದೊಂದು ಕೆಲಸ ಅಂತಲೇ ನಮಗೆ ಯಾರಿಗೂ ನೆನಪಿರಲಿಲ್ಲ. ನಾವು ನೆನಪಿಟ್ಟುಕೊಂಡಿದ್ದು ಮಗ್ಗಿ, ಪದ್ಯ, ಬೆತ್ತ.

"ಲೈನ್ ಮನೆಗೆ ಹೋಗಿ ಕೇಳು" ಅಂತ ಹೇಳಿ ಫೋನ್ ಇಟ್ಟರು.

ಹೋದೆ. ನಮ್ಮ ಪಕ್ಕದ ದೊಡ್ಡ ತೋಟದ ಲೈನ್ ಮನೆಯಲ್ಲಿ, ಅಂದರೆ ತೋಟದ ಕೂಲಿಯವರ ಸಾಲುಮನೆಯಲ್ಲಿ, ಅದೇ ಕಾಲೇಜಿನ ಮೊದಲ ವರ್ಷಕ್ಕೆ ಸೇರಿದ್ದ ಹುಡುಗಿ ಒಬ್ಬಳಿದ್ದಳು. ನೋಟಿಸು ನೋಡಿದ್ಯಾ ಅಂದೆ. ನೋಡಿದ್ದೆ ಆಂಟಿ ಅಂದಳು. ಮತ್ತೆ? "ಅದು ನಮಗಲ್ಲ ಅಂದ್ಕೊಂಡೆ." ನೋಟಿಸು ಇಂಗ್ಲಿಷಿನಲ್ಲಿ ಇತ್ತಂತೆ. ನಾವು ಕನ್ನಡದಲ್ಲಿ ಕೊಟ್ಟಿದ್ದನ್ನು ಯಾರೋ ಚೆಂದ ಕಾಣಲಿ ಅಂತ ಬದಲಿಸಿದ್ದರು. ಅದೂ ಹೋಗಲಿ, ಅವಳ ಕಷ್ಟ ಬೇರೆಯೇ. ಅಂಕ 75 ಇಲ್ಲ, 61. ಆದಾಯ ಪ್ರಮಾಣಪತ್ರ ಇಲ್ಲ. ಅಂಕಪಟ್ಟಿಯಲ್ಲಿ ಅಪ್ಪನ ಹೆಸರು ಬರೀ ಎರಡಕ್ಷರ, ಆಧಾರಿನಲ್ಲಿ ಅದೇ ಹೆಸರು ಮಾರುದ್ದ, ಹಿಂದೆ ಒಂದು ಇನಿಷಿಯಲ್ ಬೇರೆ. ಕುಟುಂಬ ಎರಡು ಸಲ ತೋಟ ಬದಲಾಯಿಸಿದ್ದರಿಂದ ರೇಷನ್ ಕಾರ್ಡು ಇನ್ನೂ ಹಳೇ ವಿಳಾಸದಲ್ಲಿ. ನಾಡಕಚೇರಿಗೆ ಹೋಗಬೇಕಾದರೆ ಅಪ್ಪ ಒಂದು ದಿನದ ಕೂಲಿ ಬಿಡಬೇಕು. ಹೋದ ದಿನ ಕರೆಂಟ್ ಇಲ್ಲ, ಇಲ್ಲಾ ಸರ್ವರ್ ಇಲ್ಲ.

ನಾನು ಬುದ್ಧಿವಂತೆಯ ಹಾಗೆ "ಬಸ್ಸಿಗಂತೂ ಖರ್ಚಿಲ್ಲ ಬಿಡು, ಶಕ್ತಿ ಯೋಜನೆ ಇದೆಯಲ್ಲ" ಅಂದೆ. ಅವಳು ನಕ್ಕಳು. "ನಮ್ಮ ಕಡೆ ಬರೋದು ಪ್ರೈವೇಟ್ ಬಸ್ಸಲ್ವಾ ಆಂಟಿ." ಹೌದಲ್ಲ! ಸ್ಕೂಟರಲ್ಲಿ ಓಡಾಡುವವಳಿಗೆ ಅದು ಮರೆತೇ ಹೋಗಿತ್ತು. ಸರ್ಕಾರಿ ಬಸ್ಸು ಬರುವ ದೊಡ್ಡ ರಸ್ತೆಗೆ ಅವಳು ಎರಡೂವರೆ ಕಿಲೋಮೀಟರ್ ತೋಟದೊಳಗೆ ನಡೆಯಬೇಕು. ಆನೆ ಇದೆ ಅಂತ ಅರಣ್ಯ ಇಲಾಖೆಯ ಮೆಸೇಜು ಬಂದ ದಿನ ನಡೆಯುವಂತಿಲ್ಲ. ಆಗ ಜೀಪಿಗೆ ದುಡ್ಡು, ಇಲ್ಲಾ ಕಾಲೇಜಿಗೆ ಚಕ್ಕರ್.

ಅಲ್ಲಿಂದ ಪೈಸಾರಿಯಲ್ಲಿ, ಅಂದರೆ ಸರ್ಕಾರಿ ಜಾಗದಲ್ಲಿ, ಮನೆ ಕಟ್ಟಿಕೊಂಡವರ ಕಡೆ ಹೋದೆ, ಆದಿವಾಸಿಗಳ ಹಾಡಿಯ ಕಡೆ ಹೋದೆ. ಎಲ್ಲ ಕಡೆಯೂ ಕಥೆ ಸ್ವಲ್ಪ ಸ್ವಲ್ಪ ಬೇರೆ, ಗಂಟು ಮಾತ್ರ ಒಂದೇ ಜಾಗದಲ್ಲಿ. ಒಂದು ಕಾಗದ ಬೇಕಾದರೆ ಇನ್ನೊಂದು ಕಾಗದ ಬೇಕು, ಆ ಇನ್ನೊಂದರಲ್ಲಿ ಹೆಸರು ತಪ್ಪು. ಹಾಡಿಯ ಒಬ್ಬ ಎರವ ಹುಡುಗ ಡಿಗ್ರಿ ಎರಡನೇ ವರ್ಷದಲ್ಲಿದ್ದ. ಪರಿಶಿಷ್ಟ ಪಂಗಡದವನು, ಸರ್ಕಾರದ ವಿದ್ಯಾರ್ಥಿವೇತನಕ್ಕೆ ಪೂರ್ತಿ ಅರ್ಹ. ಎರಡು ವರ್ಷದಿಂದ ಒಂದು ರೂಪಾಯಿ ಬಂದಿರಲಿಲ್ಲ. ಯಾಕೆ ಅಂದರೆ "ಬರ್ಲಿಲ್ಲ ಅಕ್ಕಾ" ಅಂದ, ಅಷ್ಟೇ.

ಆ ವರ್ಷ ಯಾರಿಗೂ ಕೊಡಲಿಲ್ಲ. ಗುಂಪಿನಲ್ಲಿ ಜಗಳ ಆಯಿತು. ಅಂಕದ ಮಿತಿ ತೆಗೆದರೆ ವಿದ್ಯಾರ್ಥಿವೇತನಕ್ಕೆ ಮರ್ಯಾದೆ ಇರುವುದಿಲ್ಲ ಅಂತ ಒಬ್ಬರು. ಮೇಷ್ಟ್ರು ಕಡಿಮೆ ಅಂಕದವರನ್ನು ಹಿಂದಿನ ಬೆಂಚಿನಿಂದ ಎಬ್ಬಿಸಿ ಮುಂದೆ ಕೂರಿಸುತ್ತಿದ್ದರು, ನೀನೂ ಅಲ್ಲೇ ಇದ್ದೆ ಅಂತ ಇನ್ನೊಬ್ಬರು. ಒಬ್ಬರು ಗುಂಪು ಬಿಟ್ಟು ಹೋದರು, ಮಾರನೇ ದಿನ ಮತ್ತೆ ಸೇರಿದರು. ಅಂಕದ ಮಿತಿ ಹೋಯಿತು, ಪಾಸಾಗಿದ್ದರೆ ಸಾಕು. ಪ್ರಬಂಧ ಹೋಯಿತು. ಗೆಜೆಟೆಡ್ ಸಹಿ ಹೋಯಿತು. ಮೊದಲ ಹಂತಕ್ಕೆ ಆಧಾರ್ ಮತ್ತು ಕೊನೆಯ ಅಂಕಪಟ್ಟಿ, ಉಳಿದದ್ದನ್ನು ಆಯ್ಕೆ ಆದ ಮೇಲೆ ನಾವೇ ಜೊತೆಗೆ ನಿಂತು ಮಾಡಿಸುವುದು ಅಂತ ಆಯಿತು. ಎರಡು ಭಾನುವಾರ ಹಳೇ ಶಾಲೆಯ ಜಗಲಿಯಲ್ಲಿ ಮೇಜು ಹಾಕುವುದು.

2025ರಲ್ಲಿ ಮಳೆ ಮೇ ಕೊನೆಯ ವಾರಕ್ಕೇ ಬಂದುಬಿಟ್ಟಿತು. ಜೂನಿನ ಮೊದಲ ಭಾನುವಾರ ನಾವು ನಾಲ್ಕು ಜನ ಒಂದು ಲ್ಯಾಪ್‌ಟಾಪು, ಎರಡು ಫೋನು, ಒಂದು ಫ್ಲಾಸ್ಕ್ ಕಾಫಿ ಇಟ್ಟುಕೊಂಡು ಕೂತೆವು. ಕರೆಂಟ್ ಇರಲಿಲ್ಲ. ನೆಟ್‌ವರ್ಕ್ ಧ್ವಜಸ್ತಂಭದ ಹತ್ತಿರ ಮಾತ್ರ ಸಿಗುತ್ತಿತ್ತು, ಪಿಕಪ್ ಗೆಳೆಯ ಫೋನನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಕೊಡೆ ಹಿಡಿದು ಅಲ್ಲಿ ನಿಂತ, ನಾವು ಒಳಗಿನಿಂದ ಅವನ ಹಾಟ್‌ಸ್ಪಾಟ್ ಹಿಡಿದೆವು. ಮೊದಲ ಎರಡು ಗಂಟೆ ಯಾರೂ ಬರಲಿಲ್ಲ. ಹನ್ನೊಂದೂವರೆಗೆ ಲೈನ್ ಮನೆ ಹುಡುಗಿ ಬಂದಳು, ಜೊತೆಗೆ ಇನ್ನಿಬ್ಬರು. ಮಧ್ಯಾಹ್ನ ಹಾಡಿಯ ಹುಡುಗ ಬಂದ. ಎರಡನೇ ಭಾನುವಾರ ಜಾಸ್ತಿ ಜನ. ಒಟ್ಟು ಹನ್ನೊಂದು ಅರ್ಜಿ.

ಫಾರಂ ತುಂಬಿಸುವುದು ಅಂದರೆ ಏನು ಅಂತ ಆಗ ಗೊತ್ತಾಯಿತು. ನಮ್ಮ ಒಂದು ಪುಟದ ಫಾರಂ ಹತ್ತು ನಿಮಿಷದ ಕೆಲಸ. ಉಳಿದ ಹೊತ್ತೆಲ್ಲ ಹೋಗಿದ್ದು ಸರ್ಕಾರದ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್ಲಿಗೆ. ಹನ್ನೊಂದರಲ್ಲಿ ಏಳು ಮಕ್ಕಳು ಅಲ್ಲಿ ಅರ್ಜಿ ಹಾಕಬಹುದಾಗಿತ್ತು, ಸರಿಯಾಗಿ ಹಾಕಿದ್ದವರು ಇಬ್ಬರು. ಅಲ್ಲಿ ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಹೊಡೆದರೆ ವಿವರ ತಾನೇ ಬರುತ್ತದೆ, ಒಮ್ಮೆ ಮಾಡಿಸಿದ ಆದಾಯ ಪ್ರಮಾಣಪತ್ರ ಐದು ವರ್ಷ ನಡೆಯುತ್ತದೆ. ಇದು ನನಗೂ ಗೊತ್ತಿರಲಿಲ್ಲ. ಹಾಡಿಯ ಹುಡುಗನ ದುಡ್ಡು ಯಾಕೆ ಬಂದಿರಲಿಲ್ಲ ಅಂದರೆ, ಅವನ ಆಧಾರ್ ಯಾವ ಖಾತೆಗೂ ಜೋಡಣೆ ಆಗಿರಲಿಲ್ಲ. ಸರ್ಕಾರದ ದುಡ್ಡು ನಾವು ಕೊಡುವ ಪಾಸ್‌ಬುಕ್ ನೋಡಿ ಬರುವುದಿಲ್ಲ, ಬ್ಯಾಂಕುಗಳ ನಡುವಿನ ಪಾವತಿ ನೋಡಿಕೊಳ್ಳುವ ಎನ್‌ಪಿಸಿಐ ಅನ್ನುವಲ್ಲಿ ಆಧಾರಿಗೆ ಯಾವ ಬ್ಯಾಂಕ್ ಜೋಡಣೆ ಆಗಿದೆಯೋ ಅಲ್ಲಿಗೆ ಬರುತ್ತದೆ. ಅವನ ಹತ್ತಿರ ಪಾಸ್‌ಬುಕ್ ಇತ್ತು, ಜೋಡಣೆ ಇರಲಿಲ್ಲ. ಬ್ಯಾಂಕಿನಲ್ಲಿ ಒಂದು ಅರ್ಜಿ ಕೊಟ್ಟರೆ ಆಗುವ ಕೆಲಸ. ಎರಡು ವರ್ಷ ಅವನಿಗೆ ಇದನ್ನು ಯಾರೂ ಹೇಳಿರಲಿಲ್ಲ.

ಹುಡುಗಿಯ ಅಪ್ಪನ ಹೆಸರಿನ ಗಂಟು ಬಿಡಿಸಲು ನಾನು ಮೂರು ಸಲ ಕಚೇರಿಗೆ ಹೋದೆ. ಮೊದಲ ಸಲ ಗ್ರಾಮ ಆಡಳಿತ ಅಧಿಕಾರಿ ಮಳೆ ಹಾನಿ ನೋಡಲು ಹೋಗಿದ್ದರು. ಎರಡನೇ ಸಲ ಅವರು ಸಿಕ್ಕರು, ತೋಟದಲ್ಲಿ ಕೆಲಸ ಮಾಡುತ್ತಾರೆ ಅನ್ನುವುದಕ್ಕೆ ಏನಾದರೂ ಪತ್ರ ತನ್ನಿ ಅಂದರು. ತೋಟದ ಲೆಕ್ಕ ಬರೆಯುವ ರೈಟರ್ ಹತ್ತಿರ ಹೋದರೆ, ಮಾಲೀಕರನ್ನು ಕೇಳದೆ ಬರೆದುಕೊಡಲ್ಲ ಅಂದರು. ಮಾಲೀಕರು ಬೆಂಗಳೂರಿನಲ್ಲಿ. ಫೋನಿನಲ್ಲಿ ಎರಡು ನಿಮಿಷಕ್ಕೆ ಒಪ್ಪಿದರು, ಅವರೂ ಚಿಕ್ಕಂದಿನಲ್ಲಿ ಮೇಷ್ಟ್ರ ಹತ್ತಿರ ಬೇಸಿಗೆ ರಜೆಯಲ್ಲಿ ಲೆಕ್ಕ ಹೇಳಿಸಿಕೊಂಡವರಂತೆ. ಮೂರನೇ ಸಲ ಕೆಲಸ ಆಯಿತು. ನನಗೆ ಸ್ಕೂಟರ್ ಇದೆ, ಮಾತಾಡಲು ಬಾಯಿ ಇದೆ, ದಿನದ ಕೂಲಿ ಹೋಗುವ ಭಯ ಇಲ್ಲ. ಆದರೂ ಮೂರು ಸಲ.

ಜುಲೈಯಲ್ಲಿ ಅರ್ಜಿ ಹಾಕಿದ ಮಕ್ಕಳನ್ನು ಮಾತಾಡಿಸುವ ದಿನ ಟೀಚರ್ ಕುಶಾಲನಗರದಿಂದ ಕಾರಿನಲ್ಲಿ ಬಂದರು. ಕೋಲು ಹಿಡಿದಿದ್ದರು, ದನಿ ಮಾತ್ರ ಹಾಗೇ ಇತ್ತು. ಲೆಕ್ಚರರ್ ಒಬ್ಬರು ನಿಮ್ಮ ಜೀವನದ ಗುರಿ ಏನು ಅಂತ ಶುರು ಮಾಡಿದರು. ಮಕ್ಕಳು ಬಾಯಿಪಾಠ ಒಪ್ಪಿಸಿದರು. ಟೀಚರ್ ಕೇಳುತ್ತಿದ್ದದ್ದು ಬೇರೆ. ಬೆಳಗ್ಗೆ ಎಷ್ಟು ಗಂಟೆಗೆ ಏಳ್ತೀಯ? ಬಸ್ಸು ತಪ್ಪಿದ್ರೆ ಏನ್ಮಾಡ್ತೀಯ? ಮಧ್ಯಾಹ್ನ ಊಟ ತರ್ತೀಯಾ? ಕಾಫಿ ಕುಯ್ಲಿನ ಟೈಮಲ್ಲಿ ಮನೇಲಿ ಕೆಲಸಕ್ಕೆ ಕರೀತಾರಾ? ಒಬ್ಬ ಹುಡುಗ ಊಟದ ಪ್ರಶ್ನೆಗೆ ತಲೆ ತಗ್ಗಿಸಿದ. ಅವನ ಹೆಸರಿನ ಮುಂದೆ ಟೀಚರ್ ಪೆನ್ಸಿಲಿನಲ್ಲಿ ಒಂದು ಚುಕ್ಕಿ ಇಟ್ಟರು.

ಮೂವರಿಗೆ 12,000ದಂತೆ ಕೊಟ್ಟೆವು: ಲೈನ್ ಮನೆ ಹುಡುಗಿ, ತಲೆ ತಗ್ಗಿಸಿದ ಹುಡುಗ, ಮತ್ತೆ ಪೈಸಾರಿಯ ಇನ್ನೊಬ್ಬಳು. ಆ ಹುಡುಗನ ಅಂಕ 52. ಉಳಿದ 400 ರೂಪಾಯಿ ಜೆರಾಕ್ಸಿಗೆ. ಹಾಡಿಯ ಹುಡುಗನನ್ನು ಬಿಟ್ಟಿದ್ದು ನನಗೆ ಇಷ್ಟವಾಗಲಿಲ್ಲ, ಟೀಚರ್ ಜೊತೆ ವಾದ ಮಾಡಿದೆ. "ಅವನಿಗೆ ಅಲ್ಲಿಂದ ಬರುತ್ತೆ. ಇವರಿಗೆ ಬೇರೆ ಎಲ್ಲಿಂದಲೂ ಇಲ್ಲ" ಅಂದರು. ಬಂತು ಕೂಡ, ಡಿಸೆಂಬರಿನಲ್ಲಿ, ನಮ್ಮ 12,000ಕ್ಕಿಂತ ಜಾಸ್ತಿಯೇ. ಅವನು ಫೋನ್ ಮಾಡಿ "ಬಂತು ಅಕ್ಕಾ" ಅಂದ. ಅವತ್ತೂ ಅಷ್ಟೇ.

ಸಮಾರಂಭ ಮಾಡಿ ಶಾಲು ಹೊದಿಸಿ ದೊಡ್ಡ ಚೆಕ್ಕಿನ ಬೋರ್ಡು ಹಿಡಿಸಿ ಫೋಟೋ ತೆಗೆಯುವ ಆಸೆ ನಮ್ಮವರಲ್ಲಿ ಕೆಲವರಿಗೆ ಇತ್ತು. "ಫೋಟೋ ಬೇಡ. ಆ ಮಗು ನಾಳೆ ಅದೇ ಬಸ್ಸಲ್ಲಿ ಹೋಗ್ಬೇಕು" ಅಂದರು ಟೀಚರ್. ಖಾತೆಗೆ ಹಾಕಿದೆವು. ಅದರಲ್ಲೂ ಒಬ್ಬಳದು ವಾಪಸ್ ಬಂತು, ಖಾತೆ ಬಹಳ ದಿನ ಬಳಸದೆ ನಿಂತುಹೋಗಿತ್ತು. ಮತ್ತೆ ಬ್ಯಾಂಕಿಗೆ ಒಂದು ಸುತ್ತು.

ಈ ವರ್ಷದ ತಯಾರಿ ಶುರುವಾಗಿದೆ. ಕೆನಡಾದವಳ ಅಮ್ಮ ತಮ್ಮ ಪಾಲಿನ ಕಾಫಿ ದುಡ್ಡಿನಲ್ಲಿ ಸ್ವಲ್ಪ ಕೊಟ್ಟಿದ್ದಾರೆ, ನಾಲ್ಕನೆಯವರಿಗೂ ಸ್ವಲ್ಪ ಕೊಡಬಹುದೇನೋ. ಜಗಲಿಯ ಭಾನುವಾರಗಳು ಎರಡರಿಂದ ನಾಲ್ಕಾಗಿವೆ. ಹೊಸ ಫಾರಂ ಐವತ್ತು ಪ್ರತಿ ಸಿದ್ದಾಪುರದಲ್ಲಿ ಜೆರಾಕ್ಸ್ ಮಾಡಿಸಿ, ಒಂದನ್ನು ಟೀಚರಿಗೂ ಕಳಿಸಿದ್ದೆ. ನಿನ್ನೆ ಅಂಚೆಯಲ್ಲಿ ವಾಪಸ್ ಬಂತು. ತಲೆಬರಹದಲ್ಲಿ ದೊಡ್ಡದಾಗಿ "ವಿಧ್ಯಾರ್ಥಿವೇತನ" ಅಂತ ಅಚ್ಚಾಗಿದೆ. ಧ ಸುತ್ತ ಕೆಂಪು ಶಾಯಿಯ ಸುತ್ತು, ಪಕ್ಕದಲ್ಲಿ ಒಂದು ತೆಳು ಕಾಗದದ ಚೂರು ಪಿನ್ ಹೊಡೆದಿದ್ದಾರೆ. ಉಳಿದ ನಲವತ್ತೊಂಬತ್ತನ್ನು ಈಗ ಬಿಳಿ ಶಾಯಿ ಹಚ್ಚಿ ಪೆನ್ನಿನಲ್ಲಿ ತಿದ್ದುತ್ತಾ ಕೂತಿದ್ದೇನೆ.